ರಕ್ತದ ಹನಿಯಲ್ಲಿ ರೋಗದ ಸುಳಿವು

ಮೊಳಕೆಯಲ್ಲಿ ಚಿವುಟಬೇಕಾದುದನ್ನು ಮರವಾಗಲು ಬಿಡಬಾರದೆಂಬ ಹಿರಿಯರ ಮಾತು ಕ್ಯಾನ್ಸರ್ ರೋಗಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಮೊಳಕೆಯನ್ನು ಕಾಣುವ ಬಗೆ ಹೇಗೆ? ನೋವಿಲ್ಲ, ಜ್ವರವಿಲ್ಲ, ಮನುಷ್ಯನು ಉಂಡು ತಿಂದು ಕೆಲಸಕ್ಕೆ ಹೋಗಿ ಬರುತ್ತಿರುತ್ತಾನೆ. ಕಡಲೆಕಾಳಿನಷ್ಟು ಗಂತಿಯೊಂದು ಅವನ ದೇಹದೊಳಗೆ ಅಡಗಿ ಕುಳಿತಿದ್ದರೆ ವೈದ್ಯನಿಗೆ ಅದರ ಸುಳಿವನ್ನು ಕೊಡುವವರಾರು? ಸುಳಿವು ದೊರೆತರೂ ಅದು ನಿಜವಾದುದೆಂದು ನಂಬುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಹಾಂಗ್‌ಕಾಂಗಿನ ಸಂಶೋಧಕರು ಒಂದು ವಿಶಿಷ್ಟ ಕ್ಯಾನ್ಸರಿನ ವಿಷಯದಲ್ಲಿ ಕಂಡುಕೊಂಡ ಉತ್ತರವು ತಿಳಿಯತಕ್ಕದ್ದಾಗಿದೆ.

ಮೂಗಿನ ಹಿಂಬದಿಯು ಗಂಟಲಿನ ಮೇಲ್ತುದಿಯನ್ನು ಸೇರುವಲ್ಲಿ ಹೊರಗಿನ ಕಣ್ಣಿಗೆ ಕಾಣದ ಒಂದು ಗೂಡಿದೆ. ಅಲ್ಲಿ ಹುಟ್ಟುವ ಕ್ಯಾನ್ಸರ್ ಜಗತ್ತಿನ ಬಹುಭಾಗದಲ್ಲಿ ವಿರಳವಾದರೂ ದಕ್ಷಿಣ ಚೀನದಲ್ಲಿ ಮನೆಮಾತಾಗಿದೆ. ಅದಕ್ಕೆ ‘ಕ್ಯಾಂಟನ್ ಕ್ಯಾನ್ಸರ್’ ಎಂಬ ಹೆಸರೂ ಬಿದ್ದಿದೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು. ಮೊದಮೊದಲು ಮೂಗು ಕಟ್ಟುವುದು, ಒಂದು ಕಿವಿ ಮಂದವಾಗುವುದು, ಕಫದಲ್ಲಿ ರಕ್ತದ ಎಳೆ ಕಾಣುವುದು ಇಷ್ಟೇ ಇದರ ಲಕ್ಷಣ. ನೆಗಡಿಯೆಂದು ಜನರು ಉಪೇಕ್ಷಿಸುತ್ತಾರೆ. ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ವೈದ್ಯರಲ್ಲಿಗೆ ಹೋಗುವ ವೇಳೆಗೆ ರೋಗವು ತನ್ನ ಗೂಡನ್ನು ಬಿಟ್ಟು ಹೊರಟಿರುತ್ತದೆ. ಆರಂಭದಲ್ಲಿಯೇ ಸಿಕ್ಕಿದರೆ ವಿಕಿರಣ ಚಿಕಿತ್ಸೆಗೆ ಬಹಳ ಚೆನ್ನಾಗಿ ಬಗ್ಗುವ ರೋಗವಿದು ಎಂಬುದೇ ದುಃಖದ ಸಂಗತಿ.

ಈ ರೋಗದ ಬೆನ್ನಿಗೆ ಒಂದು ವೈರಸ್ ಇದೆ. 1964ರಲ್ಲಿ ಲಂಡನ್ನಿನಲ್ಲಿ ಎಪ್‌ಸ್ಟೈನ್, ಆಕಾಂಗ್ ಮತ್ತು ಬಾರ್ ಎಂಬ ಮೂವರು ಆಫ್ರಿಕದ ಮಕ್ಕಳ ಗಂತಿಯೊಂದರಲ್ಲಿ ಅದನ್ನು ಮೊದಲು ಕಂಡರು. ಎಪ್‌ಸ್ಟೈನ್-ಬಾರ್ ವೈರಸ್ ಎಂದೇ ಅದರ ಹೆಸರು. ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಅದು ಜೀವನಪರ್ಯಂತ ನೆಲಸಿರುತ್ತದೆ. ಬಹುತೇಕರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಆದುದರಿಂದ ವೈರಸ್ ಇದೆಯೆಂದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆನ್ನಲಾಗದು. ಆದರೆ ಮೂಗಿನ ಹಿಂದಿನ ಈ ಗಂತಿಯ ಜೀವಕೋಶಗಳಲ್ಲಿ ವೈರಸ್ಸಿನ ಡಿ.ಎನ್.ಎ. ತುಂಬಿಕೊಂಡಿರುತ್ತದೆ. ಕೋಶಗಳು ಸತ್ತಾಗ ಅದರ ಚೂರುಗಳು ರಕ್ತಕ್ಕೆ ಸೋರುತ್ತವೆ. ಆ ಚೂರುಗಳನ್ನು ಹಿಡಿಯಬಲ್ಲವನಿಗೆ ಗಂತಿಯ ವಾರ್ತೆ ದೊರೆಯುತ್ತದೆ.

ಹಿಡಿಯುವ ಉಪಾಯಕ್ಕೆ ದಾರಿ ತೆರೆದುದು ಬೇರೊಂದು ಕ್ಷೇತ್ರದ ಶೋಧನೆ. ಹಾಂಗ್‌ಕಾಂಗಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕಲಿತ ಡೆನ್ನಿಸ್ ಲೋ ಎಂಬ ವೈದ್ಯವಿಜ್ಞಾನಿ, ಗರ್ಭಸ್ಥ ಶಿಶುವಿನ ಡಿ.ಎನ್.ಎ.ಯನ್ನು ತಾಯಿಯ ರಕ್ತಕೋಶಗಳ ನಡುವೆ ವರ್ಷಗಟ್ಟಲೆ ಹುಡುಕಿ ಬೇಸತ್ತಿದ್ದರು. ಕ್ಯಾನ್ಸರ್ ರೋಗಿಗಳ ಪ್ಲಾಸ್ಮಾದಲ್ಲಿ, ಎಂದರೆ ಕೋಶಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ್ರವದಲ್ಲಿ, ಗಂತಿಯ ಡಿ.ಎನ್.ಎ. ಸಿಕ್ಕಿತೆಂಬ ವರದಿಗಳು 1996ರಲ್ಲಿ ಅವರ ಕಣ್ಣಿಗೆ ಬಿದ್ದವು. ತಾಯಿಯ ಒಡಲಲ್ಲಿ ಬೆಳೆಯುವ ಶಿಶುವು ಗಂತಿಗಿಂತ ಎಷ್ಟೋ ದೊಡ್ಡದಲ್ಲವೆ? ಅದರ ಚೂರುಗಳೂ ಅಲ್ಲಿರಲೇಬೇಕೆಂದು ಅವರು ತರ್ಕಿಸಿದರು. ಸುಲಭವಾದ ವಿಧಾನ ತೋಚದೆ, ಶ್ಯಾವಿಗೆಯನ್ನು ಬೇಯಿಸುವಂತೆ ಪ್ಲಾಸ್ಮಾವನ್ನು ಐದು ನಿಮಿಷ ಕುದಿಸಿ ನೋಡಿದುದಾಗಿ ಅವರೇ ಹೇಳಿಕೊಂಡಿದ್ದಾರೆ. ಗಂಡು ಶಿಶುವನ್ನು ಹೊತ್ತ ತಾಯಂದಿರ ಪ್ಲಾಸ್ಮಾದಲ್ಲಿ ಗಂಡಿಗೆ ಮಾತ್ರ ಸಲ್ಲುವ ವೈ ವರ್ಣತಂತುವಿನ ಅಂಶ ಸಿಕ್ಕಿತು! 1997ರಲ್ಲಿ ಪ್ರಕಟವಾದ ಈ ಶೋಧನೆಯ ಫಲವಾಗಿ 2022ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿಯು ಸಂದಿತು.

ಕ್ಯಾನ್ಸರಿನಿಂದ ಕಲಿತ ಪಾಠವನ್ನು ಲೋ ಅವರು ಮತ್ತೆ ಕ್ಯಾನ್ಸರಿಗೇ ತಂದರು. ಮೂಗಿನ ಹಿಂದಿನ ಕ್ಯಾನ್ಸರ್ ಇದ್ದ 57 ರೋಗಿಗಳಲ್ಲಿ ನೂರಕ್ಕೆ 96ರಷ್ಟು ಮಂದಿಯ ಪ್ಲಾಸ್ಮಾದಲ್ಲಿ ವೈರಸ್ಸಿನ ಚೂರುಗಳಿವೆಯೆಂದು 1999ರಲ್ಲಿ ಅವರ ತಂಡ ತೋರಿಸಿತು. ಆದರೆ ರೋಗಿಯಲ್ಲಿ ರೋಗವನ್ನು ಕಾಣುವುದು ಒಂದು ಮಾತು. ಆರೋಗ್ಯವಂತರ ಗುಂಪಿನಿಂದ ಬಚ್ಚಿಟ್ಟುಕೊಂಡ ರೋಗಿಯನ್ನು ಹೆಕ್ಕುವುದು ಬೇರೆ ಮಾತು. ಆ ಪರೀಕ್ಷೆಯನ್ನು ಆಲೆನ್ ಚಾನ್, ಲೋ ಮತ್ತು ಅವರ ಸಂಗಡಿಗರು ಹಾಂಗ್‌ಕಾಂಗಿನ ಚೀನೀ ವಿಶ್ವವಿದ್ಯಾನಿಲಯದಿಂದ 2013ರಲ್ಲಿ ಆರಂಭಿಸಿದರು. 40ರಿಂದ 62 ವರ್ಷ ವಯಸ್ಸಿನ, ಯಾವ ಲಕ್ಷಣವೂ ಇಲ್ಲದ 20,174 ಚೀನೀ ಗಂಡಸರು ರಕ್ತ ಕೊಟ್ಟರು.

ಮುಂದೆ ನಡೆದುದು ಜರಡಿ ಹಿಡಿಯುವ ಕೆಲಸ. ಮೊದಲ ಜರಡಿಯಲ್ಲಿ 1,112 ಮಂದಿಯ ರಕ್ತದಲ್ಲಿ ವೈರಸ್ಸಿನ ಚೂರುಗಳು ಕಂಡವು. ಅಂದೇ ಅವರಿಗೆಲ್ಲ ಕ್ಯಾನ್ಸರಿನ ಶಂಕೆಯನ್ನು ಹೇಳಿ ಕಳುಹಿಸಿದ್ದರೆ ಸಾವಿರ ಮನೆಗಳಲ್ಲಿ ನಿದ್ದೆ ಹಾರಿಹೋಗುತ್ತಿತ್ತು. ಆರೋಗ್ಯವಂತರಲ್ಲಿಯೂ ಈ ಚೂರುಗಳು ಆಗಾಗ ತೋರಿ ಅಡಗುತ್ತವೆ. ಗಂತಿಯಾದರೋ ಬಿಡದೆ ಸೋರುತ್ತಿರುತ್ತದೆ. ಆದುದರಿಂದ ಸುಮಾರು ನಾಲ್ಕು ವಾರಗಳ ಬಳಿಕ ಮತ್ತೆ ರಕ್ತವನ್ನು ಪರೀಕ್ಷಿಸಲಾಯಿತು. ಉಳಿದವರು 309 ಮಂದಿ. ಇವರಿಗೆ ಮಾತ್ರ ಮೂಗಿನೊಳಗೆ ದರ್ಶಕನಳಿಕೆಯನ್ನು ಇಳಿಸಿ ನೋಡುವ ಎಂಡೋಸ್ಕೋಪಿ ಪರೀಕ್ಷೆಯನ್ನೂ ಎಂ.ಆರ್.ಐ. ಚಿತ್ರಣವನ್ನೂ ಗೊತ್ತುಮಾಡಿದರು. ನಳಿಕೆಯು ಮೇಲ್ಮೈಯನ್ನು ತೋರಿಸಿದರೆ ಎಂ.ಆರ್.ಐ. ಚಿತ್ರವು ಪೊರೆಯ ಕೆಳಗಿನದನ್ನೂ ತೋರಿಸಬಲ್ಲುದು. ಕೊನೆಗೆ 34 ಮಂದಿಯಲ್ಲಿ ಕ್ಯಾನ್ಸರ್ ದೃಢಪಟ್ಟಿತು. ರಕ್ತದಲ್ಲಿ ಏನೂ ಇಲ್ಲವೆನಿಸಿಕೊಂಡವರ ಪೈಕಿ ಒಂದು ವರ್ಷದೊಳಗೆ ರೋಗ ಹೊರಬಿದ್ದುದು ಒಬ್ಬನಲ್ಲಿ ಮಾತ್ರ.

2017ರಲ್ಲಿ ಪ್ರಕಟವಾದ ಈ ಫಲಿತಾಂಶದ ಸಾರವಿಷ್ಟು: ಸಿಕ್ಕವರಲ್ಲಿ ನೂರಕ್ಕೆ 71ರಷ್ಟು ಮಂದಿ ರೋಗದ ಮೊದಲೆರಡು ಹಂತಗಳಲ್ಲಿದ್ದರು. ತಾವಾಗಿ ಆಸ್ಪತ್ರೆಗೆ ಬರುತ್ತಿದ್ದ ರೋಗಿಗಳಲ್ಲಿ ಈ ಪ್ರಮಾಣ ನೂರಕ್ಕೆ 20 ಮಾತ್ರ. ಮೂರು ವರ್ಷ ರೋಗ ಮುಂದುವರಿಯದೆ ಉಳಿದವರು ಇವರಲ್ಲಿ ನೂರಕ್ಕೆ 97, ಅವರಲ್ಲಿ 70. ಆದರೂ ಇದು ಹಿಂದಿನ ರೋಗಿಗಳೊಡನೆ ಮಾಡಿದ ಹೋಲಿಕೆಯೇ ಹೊರತು, ಪರೀಕ್ಷೆಗೊಳಗಾದ ಗುಂಪು ಮತ್ತು ಒಳಗಾಗದ ಗುಂಪುಗಳನ್ನು ಚೀಟಿಯೆತ್ತಿ ಬೇರ್ಪಡಿಸಿ ನಡೆಸಿದ ಪ್ರಯೋಗವಲ್ಲ. ಸಾವು ಇಷ್ಟು ಕಡಿಮೆಯಾಯಿತೆಂದು ಇದರಿಂದ ಲೆಕ್ಕ ಹಾಕಲಾಗದು.

ವೃಥಾ ಗಾಬರಿಗೊಳಗಾದ ಉಳಿದವರ ಗತಿಯೇನು? ಇಲ್ಲಿ ಜೀವವಿಜ್ಞಾನಕ್ಕೆ ಗಣಕಯಂತ್ರವು ನೆರವಾಯಿತು. ರಕ್ತದಲ್ಲಿರುವ ಅಸಂಖ್ಯ ಡಿ.ಎನ್.ಎ. ಚೂರುಗಳನ್ನು ಒಂದೊಂದಾಗಿ ಓದಿ, ಎಣಿಸಿ, ಅವುಗಳ ಉದ್ದವನ್ನು ಅಳೆದು ಲೆಕ್ಕವಿಡುವ ಶಾಸ್ತ್ರಕ್ಕೆ ಬಯೋಇನ್‌ಫರ್ಮ್ಯಾಟಿಕ್ಸ್ ಎಂದು ಹೆಸರು. ಗಂತಿಯಿಂದ ಬಂದ ವೈರಸ್ ಚೂರುಗಳು ಆರೋಗ್ಯವಂತರಲ್ಲಿ ಕಾಣುವ ಚೂರುಗಳಿಗಿಂತ ಉದ್ದವೆಂಬುದನ್ನು ಅದೇ ತಂಡ 2018ರಲ್ಲಿ ತೋರಿಸಿತು. ಹಿಂದೆ ಸಂಶಯಕ್ಕೆ ಸಿಕ್ಕ ನೂರು ಮಂದಿಯಲ್ಲಿ ಸುಮಾರು 11 ಮಂದಿಗೆ ನಿಜವಾಗಿ ರೋಗವಿದ್ದರೆ, ಎಣಿಕೆ ಮತ್ತು ಅಳತೆಗಳನ್ನು ಸೇರಿಸಿದಾಗ ಆ ಸಂಖ್ಯೆ 20ರ ಸಮೀಪಕ್ಕೆ ಏರಿತು. ಅದೂ ಒಂದೇ ಸಲದ ರಕ್ತಪರೀಕ್ಷೆಯಿಂದ.

ಜರಡಿಯಿಲ್ಲದೆ ಹುಡುಕುವುದರ ಅಪಾಯವನ್ನು ದಕ್ಷಿಣ ಕೊರಿಯ ಅನುಭವಿಸಿದೆ. 1999ರಿಂದ ಅಲ್ಲಿ ಕ್ಯಾನ್ಸರ್ ತಪಾಸಣೆ ವ್ಯಾಪಕವಾದಾಗ, ಅಲ್ಪ ಶುಲ್ಕಕ್ಕೆ ಥೈರಾಯಿಡ್ ಗ್ರಂಥಿಯ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡಿಕೊಡತೊಡಗಿದರು. 2011ರ ವೇಳೆಗೆ ಪತ್ತೆಯಾದ ಥೈರಾಯಿಡ್ ಕ್ಯಾನ್ಸರ್ 1993ರಲ್ಲಿದ್ದುದರ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣವಾದರೋ ಇದ್ದಲ್ಲಿಯೇ ಇತ್ತು! ಎಂದೂ ಕೇಡು ಮಾಡದಿದ್ದ ಸಣ್ಣ ಗಂತಿಗಳಿಗಾಗಿ ಸಾವಿರಾರು ಮಂದಿ ಕುತ್ತಿಗೆಯನ್ನು ಕೊಯ್ಯಿಸಿಕೊಂಡು ಜೀವಮಾನವಿಡೀ ಮಾತ್ರೆ ನುಂಗುವಂತಾಯಿತು. 2014ರಲ್ಲಿ ವೈದ್ಯರೇ ಎಚ್ಚರಿಕೆ ಕೊಟ್ಟ ಮೇಲೆ ಶಸ್ತ್ರಚಿಕಿತ್ಸೆಗಳು ಇಳಿಮುಖವಾದವು.

ಪರೀಕ್ಷೆಯ ಬೆಲೆ ಅದನ್ನು ಯಾರ ಮೇಲೆ ಪ್ರಯೋಗಿಸುತ್ತಾರೆಂಬುದನ್ನೂ ಅವಲಂಬಿಸಿದೆ. ಭಾರತದಲ್ಲಿ ಮೂಗಿನ ಹಿಂದಿನ ಕ್ಯಾನ್ಸರ್ ನಾಗಾಲ್ಯಾಂಡಿನಲ್ಲಿ ಹೆಚ್ಚು, ಉಳಿದೆಡೆ ವಿರಳ. ರೋಗವು ಹಾಂಗ್‌ಕಾಂಗಿಗಿಂತ ಐವತ್ತು ಪಟ್ಟು ವಿರಳವಾದ ಊರಿನಲ್ಲಿ ಇದೇ ಪರೀಕ್ಷೆಯನ್ನು ಇಪ್ಪತ್ತು ಸಾವಿರ ಮಂದಿಗೆ ಮಾಡಿದರೆ, ನೂರಾರು ಜನ ಹೆದರಿಯಾರು. ನಿಜವಾದ ರೋಗಿ ಒಬ್ಬ ಸಿಕ್ಕಿದರೆ ಹೆಚ್ಚು.

ಹೀಗಿರುವಲ್ಲಿ, ಅಡಿಯಿಂದ ಮುಡಿಯವರೆಗೆ ಎಲ್ಲವನ್ನೂ ಪರೀಕ್ಷಿಸಿಕೊಡುತ್ತೇವೆಂಬ ಜಾಹೀರಾತುಗಳಿಗೆ ಮನೆಯ ಹಣವನ್ನು ಸುರಿಯುವ ಮುನ್ನ, ಈ ಪರೀಕ್ಷೆ ತನ್ನ ವಯಸ್ಸಿಗೂ ಊರಿಗೂ ಮನೆತನದ ರೋಗಗಳಿಗೂ ಹೊಂದುವುದೇ ಎಂದು ಪರಿಚಿತ ವೈದ್ಯರನ್ನು ಕೇಳುವುದು ಲೇಸು. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಮೂವತ್ತು ವರ್ಷ ದಾಟಿದವರನ್ನು ತಪಾಸಣೆ ಮಾಡಬೇಕೆಂದು ಭಾರತ ಸರ್ಕಾರವೇ 2016ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಸಂಕೋಚದಿಂದ ಅದನ್ನು ತಪ್ಪಿಸಿಕೊಳ್ಳುವವರೇ ಹೆಚ್ಚು. ಇನ್ನು, ವಾಸಿಯಾಗದ ಹುಣ್ಣು, ಗಂಟು, ಕಾರಣವಿಲ್ಲದ ರಕ್ತಸ್ರಾವ ಕಂಡವರಿಗೆ ಈ ಲೆಕ್ಕಾಚಾರ ಯಾವುದೂ ಅನ್ವಯಿಸದು. ಅವರು ಆ ವಾರವೇ ವೈದ್ಯರನ್ನು ಕಾಣತಕ್ಕದ್ದು.