ಹಳೇ ಗಾಡಿ ಅಂದ್ರೆ ಅದುರಲೇಬೇಕೇನ್ರೀ?

"ಹಳೇ ಗಾಡಿ ಅಲ್ವಾ ಸಾರ್, ಅಷ್ಟು ಅದುರೋದು ಇದ್ದೇ ಇರುತ್ತೆ!"

ನಮ್ಮ ಗ್ಯಾರೇಜುಗಳಲ್ಲಿ ಜನರ ಜೇಬಿಗೆ ಅತಿ ಹೆಚ್ಚು ಕತ್ತರಿ ಹಾಕಿರುವ ಮಾತು ಯಾವುದು ಅಂತ ಕೇಳಿದರೆ ನನ್ನ ಓಟು ಇದಕ್ಕೇ. ಈ ಮಾತು ಕೆಲಸ ಶುರು ಮಾಡುವ ಮುಂಚೆ ಬರುವುದಿಲ್ಲ ನೋಡಿ. ನಾಲ್ಕು ಪಾರ್ಟು ಬದಲಾಯಿಸಿ, ನಾಲ್ಕು ಬಿಲ್ಲು ಹರಿದು, ಆಮೇಲೂ ಸರಿಹೋಗದಿದ್ದಾಗ ಬರುತ್ತದೆ.

ನನ್ನ ಮಾವನ ಹತ್ತಿರ 1972ರ ಅಂಬಾಸಿಡರ್ ಮಾರ್ಕ್-2 ಇದೆ. ಅಜ್ಜ ಕೊಂಡಿದ್ದು. ಅದರ ಮೂಲ 1489 ಸಿಸಿ ಎಂಜಿನ್ ಎರಡು ಸಲ ಬೋರ್ ಆಗಿ, ಕೊನೆಗೆ ಬ್ಲಾಕೇ ಬಿರುಕು ಬಿಟ್ಟಿತ್ತು. ಹೋದ ವರ್ಷ, ಗುಜರಿಗೆ ಹೊರಟಿದ್ದ ಇನ್ನೊಂದು ಅಂಬಾಸಿಡರ್‌ನಿಂದ 1.8 ಲೀಟರಿನ ಇಸುಜು ಎಂಜಿನ್ನನ್ನು ಐದು ಗೇರಿನ ಗೇರ್‌ಬಾಕ್ಸ್ ಸಮೇತ ತಂದು ಕೂರಿಸಿದರು. (ಆರ್‌ಟಿಓ ಅನುಮತಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರು ಎಲ್ಲ ಆಗಿದೆ, ಆ ಬಗ್ಗೆ ನನ್ನ ಮೇಲೆ ಎಗರಬೇಡಿ!) ಗಾಡಿ ಓಡಿತು. ಅರವತ್ತು ಮುಟ್ಟಿದ ಕೂಡಲೇ ಸೀಟು, ನೆಲ ಎಲ್ಲ ಝುಮ್ ಅನ್ನಲು ಶುರು.

ಆಮೇಲಿನದ್ದು ನಿಮಗೇ ಗೊತ್ತಿರುವ ಕಥೆ. ಮೊದಲು "ಫೌಂಡೇಶನ್ ರಬ್ಬರ್ ಹೋಗಿದೆ" ಅಂತ ಎಂಜಿನ್ ಮೌಂಟ್ ಬದಲಾಯಿಸಿದರು. ಎರಡು ವಾರ ಬಿಟ್ಟು ಇನ್ನೊಂದು ಕಂಪನಿಯದು ಹಾಕಿದರು. ಆಮೇಲೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು. ವೀಲ್ ಬ್ಯಾಲೆನ್ಸಿಂಗ್ ಮೂರು ಸಲ. ಇಪ್ಪತ್ತೆಂಟು ಸಾವಿರ ಹೋಯಿತು, ನಡುಕ ಹೋಗಲಿಲ್ಲ. ಕೊನೆಗೆ ಆ ಗ್ಯಾರೇಜಿನವರ ತೀರ್ಪು: "ಈ ಎಂಜಿನ್ ಈ ಬಾಡಿಗೆ ಹೊಂದಲ್ಲ. ಬರೋ ರೇಟಿಗೆ ಕೊಟ್ಟುಬಿಡಿ."

ಹೊಂದಲ್ವಂತೆ! ಅಲ್ಲ ಸ್ವಾಮಿ, 1990ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರೇ ಇದೇ ಎಂಜಿನ್ನನ್ನು ಐದು ಗೇರಿನ ಜೊತೆ ಇದೇ ಅಂಬಾಸಿಡರ್‌ಗೆ ಹಾಕಿ ದೇಶವಿಡೀ ಮಾರಿದರಲ್ಲ, ಅವೆಲ್ಲ ಅದುರುತ್ತಾ ಓಡಾಡಿದವಾ?

ನನ್ನ ತಕರಾರು ತುಂಬಾ ಸರಳ. ತಿರುಗುವ ಪ್ರತಿಯೊಂದು ವಸ್ತುವೂ ಸೆಕೆಂಡಿಗೆ ಇಷ್ಟು ಸಲ ಅಂತ ತಿರುಗುತ್ತದೆ. ಗಾಡಿ ಅದುರುವುದು ಸೆಕೆಂಡಿಗೆ ಎಷ್ಟು ಸಲ ಅಂತ ಎಣಿಸಿದರೆ ಕಳ್ಳ ಯಾರು ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಸ್ಪ್ಯಾನರ್ ಮುಟ್ಟುವ ಮುಂಚೆ!

ಲೆಕ್ಕ ನೋಡಿ. ಗಂಟೆಗೆ 70 ಕಿಲೋಮೀಟರ್ ಅಂದರೆ ಸೆಕೆಂಡಿಗೆ 19.4 ಮೀಟರ್. ಚಕ್ರದ ಸುತ್ತಳತೆ ಸುಮಾರು 2 ಮೀಟರ್, ಹಾಗಾಗಿ ಚಕ್ರ ಸೆಕೆಂಡಿಗೆ ಹತ್ತತ್ತಿರ 10 ಸುತ್ತು. ಹಿಂದಿನ ಕ್ರೌನ್-ಪಿನಿಯನ್ ಅನುಪಾತ ನಾಲ್ಕೂವರೆ ಅಂದುಕೊಂಡರೆ ಪ್ರೊಪೆಲ್ಲರ್ ಶಾಫ್ಟ್ ಸುಮಾರು 44 ಸುತ್ತು. ಅಂದರೆ ಚಕ್ರದ ತಪ್ಪು 10ರ ಆಸುಪಾಸಿನಲ್ಲಿ ಕಾಣಬೇಕು, ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ 44ರಲ್ಲಿ. ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳದ್ದು ಇನ್ನೂ ಮಜಾ. ಕೋನದಲ್ಲಿ ಕೂತ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಹಾಗಾಗಿ ಅದರ ದೂರು ಬರುವುದು 88ರಲ್ಲಿ.

ಎಂಜಿನ್ನನ್ನು ಬೇರ್ಪಡಿಸುವುದೂ ಕಷ್ಟವಲ್ಲ. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಕೊಡಿ, ಅದೇ ನಡುಕ ಬಂದರೆ ಎಂಜಿನ್, ಫ್ಲೈವೀಲ್ ಅಥವಾ ಕ್ಲಚ್. ಬರದಿದ್ದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಗೇರ್ ಬದಲಿಸುತ್ತಾ ನೋಡಿ. ಇಲ್ಲಿ ಒಂದು ಎಚ್ಚರಿಕೆ: ನಾಲ್ಕನೇ ಗೇರನ್ನು ನಂಬಬೇಡಿ. ಅದರಲ್ಲಿ ಎಂಜಿನ್ನೂ ಶಾಫ್ಟೂ ಒಂದಕ್ಕೊಂದು ಸಮನಾಗಿ ತಿರುಗುವುದರಿಂದ ಯಾರು ಯಾರು ಅಂತ ತಿಳಿಯುವುದೇ ಇಲ್ಲ. ಮೂರಕ್ಕೂ ಐದಕ್ಕೂ ಹೋಲಿಸಬೇಕು.

ಅರಸೀಕೆರೆ-ಹಾಸನ ರಸ್ತೆಯಲ್ಲಿ ಮಾವ ಓಡಿಸಿದರು, ನಾನು ಮೊಬೈಲನ್ನು ಹಿಂದಿನ ಸೀಟಿನ ಮುಂದೆ ನೆಲಕ್ಕೆ ಟೇಪು ಹಾಕಿ ಅಂಟಿಸಿ ಕೂತೆ. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಪುಕ್ಕಟೆ ಕೊಟ್ಟಿರುವ ಫೈಫಾಕ್ಸ್ ಅನ್ನುವ ಆ್ಯಪ್ ಇದೆ, ಅದುರುವಿಕೆಯ ಆವರ್ತನವನ್ನು ಗ್ರಾಫ್ ಬಿಡಿಸಿ ತೋರಿಸುತ್ತದೆ. (ಮೊಬೈಲ್ ಸೆಕೆಂಡಿಗೆ 200 ಸಲ ಅಳೆದರೆ 100ರವರೆಗೆ ಮಾತ್ರ ನಂಬಬಹುದು. ಡಿಎಸ್‌ಪಿ ಕ್ಲಾಸಿನಲ್ಲಿ ಕೇಳಿದ್ದ ನೈಕ್ವಿಸ್ಟ್ ಮಹಾಶಯ ಕೊನೆಗೂ ಉಪಯೋಗಕ್ಕೆ ಬಂದ :) ) ಮೂರು, ಐದು, ಕೊನೆಗೆ ಎಂಜಿನ್ ಚಾಲೂ ಇಟ್ಟುಕೊಂಡೇ ನ್ಯೂಟ್ರಲ್. ಗೇರ್ ಯಾವುದಿದ್ದರೂ 70ರಲ್ಲಿ ಗೋಪುರ ಎದ್ದಿದ್ದು 88ರ ಹತ್ತಿರ, 60ಕ್ಕೆ ಇಳಿಸಿದರೆ 75ಕ್ಕೆ ಸರಿಯಿತು. ಎಂಜಿನ್ ಅಲ್ಲ, ಚಕ್ರ ಅಲ್ಲ, ಶಾಫ್ಟಿನ ಬ್ಯಾಲೆನ್ಸೂ ಅಲ್ಲ. ಇಪ್ಪತ್ತೆಂಟು ಸಾವಿರದಲ್ಲಿ ಒಂದು ರೂಪಾಯಿಯೂ ಈ ಜಾಗಕ್ಕೆ ಹೋಗಿರಲಿಲ್ಲ!

ಗಾಡಿ ಎತ್ತಿ ನೋಡಿದರೆ ಕಥೆ ಕಣ್ಣೆದುರೇ ಇತ್ತು. ಹೊಸ ಗೇರ್‌ಬಾಕ್ಸಿನ ಉದ್ದ ಬೇರೆ, ಅದಕ್ಕೆ ಶಾಫ್ಟನ್ನು ಲೇತ್‌ನಲ್ಲಿ ಕತ್ತರಿಸಿ ಬೆಸುಗೆ ಹಾಕಿಸಿದ್ದರು. ಎರಡು ತುದಿಯ ಯೋಕ್‌ಗಳು ಒಂದೇ ನೇರದಲ್ಲಿರಬೇಕು, ಆಗಲೇ ಒಂದು ಕ್ರಾಸಿನ ಏರಿಳಿತವನ್ನು ಇನ್ನೊಂದು ಕಳೆದುಹಾಕುವುದು. ಇಲ್ಲಿ ಸುಮಾರು 20 ಡಿಗ್ರಿ ಸೊಟ್ಟ. ಸಾಲದ್ದಕ್ಕೆ ಗೇರ್‌ಬಾಕ್ಸಿನ ಬಾಲ ಕೆಳಗೆ ಜೋತುಬಿದ್ದು, ಪಿನಿಯನ್ನಿನ ಓರೆಗೂ ಅದರ ಓರೆಗೂ 3 ಡಿಗ್ರಿ ವ್ಯತ್ಯಾಸ. ಎರಡೂ ಸಮಾನಾಂತರವಾಗಿ, ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ ಇರಬೇಕಾದದ್ದು. ಬೆಸುಗೆ ಬಿಡಿಸಿ ನೇರ ಮಾಡಿಸಿ, ಶಾಫ್ಟನ್ನು ಬ್ಯಾಲೆನ್ಸಿಂಗಿಗೆ ಹಾಕಿಸಿ, ಗೇರ್‌ಬಾಕ್ಸ್ ಕೆಳಗೆ ಪ್ಯಾಕಿಂಗ್ ಕೊಟ್ಟು ಎತ್ತರಿಸಿದ್ದಾಯಿತು. ನಾಲ್ಕು ಸಾವಿರದೊಳಗೆ ಮುಗಿಯಿತು.

ಮುಂದಿನ ಕ್ರಾಸ್ ಆಗಲೇ ಸವೆದಿತ್ತು, ಅದನ್ನೂ ಬದಲಾಯಿಸಿದೆವು. ಅದು ಓಡುವಾಗ ಮುರಿದಿದ್ದರೆ ಶಾಫ್ಟಿನ ಮುಂದಿನ ತುದಿ ರಸ್ತೆಗೆ ಬಿದ್ದು ನೆಟ್ಟುಕೊಳ್ಳುತ್ತದೆ. ಅದನ್ನು "ಇದ್ದೇ ಇರುತ್ತೆ" ಅಂತ ಬಿಡಿ ಅಂದವರ ಮೇಲೆ ನನಗೆ ಸಿಟ್ಟು ಬರಬಾರದಾ?

ಮೆಕ್ಯಾನಿಕ್‌ಗಳಿಗೆ ಬುದ್ಧಿ ಇಲ್ಲ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಸ್ಕ್ರೂಡ್ರೈವರ್ ತುದಿ ಬ್ಲಾಕಿಗೆ, ಹಿಡಿ ಕಿವಿಗೆ ಇಟ್ಟು ಯಾವ ಬೇರಿಂಗ್ ಅಂತ ಹೇಳುವವರನ್ನು ನಾನು ಕಂಡಿದ್ದೇನೆ. ಆ ಗ್ಯಾರೇಜಿನ ಹುಡುಗನೊಬ್ಬ ಆಮೇಲೆ ಹೇಳಿದ್ದು ನನಗೆ ನಾಟಿತು: "ಹುಡುಕೋಕೆ ಒಂದು ದಿನ ತಗೊಂಡ್ರೆ ಯಾರು ಸಾರ್ ದುಡ್ಡು ಕೊಡ್ತಾರೆ? ಪಾರ್ಟ್ ಹಾಕಿದ್ರೆ ಬಿಲ್ ಆಗುತ್ತೆ." ಪೂರ್ತಿ ನಿಜ. ಆ ಬಿಲ್ಲುಗಳಲ್ಲಿ ರಬ್ಬರಿಗೆ ಒಂದು ಸಾಲಿದೆ, ಕ್ಲಚ್ಚಿಗೆ ಒಂದು ಸಾಲಿದೆ, ಯೋಚನೆಗೆ ಸಾಲೇ ಇಲ್ಲ. ನಾವು ಕಂಪ್ಯೂಟರ್ ಮಂದಿ ಮೂರು ದಿನ ಲಾಗ್ ಓದಿ ಕೊನೆಗೆ ಒಂದು ಸಾಲು ತಿದ್ದಿದರೂ ತಿಂಗಳ ಸಂಬಳ ತಪ್ಪುವುದಿಲ್ಲ. ಅದೇ ನಾವು ಗ್ಯಾರೇಜಿಗೆ ಹೋದರೆ "ಏನೂ ಹಾಕೇ ಇಲ್ವಲ್ಲ, ಸಾವಿರ ಯಾಕೆ?" ಅಂತ ಜಗಳಕ್ಕೆ ನಿಲ್ಲುತ್ತೇವೆ. ಅವರು ಪಾರ್ಟು ಮಾರದೆ ಇನ್ನೇನು ಮಾಡಬೇಕು? ಮುಂದಿನ ಸಲ ನೀವು ಹೋದಾಗ "ಹುಡುಕೋ ಕೂಲಿ ಎಷ್ಟು?" ಅಂತ ಮೊದಲೇ ಕೇಳಿ ನೋಡಿ, ಅವರ ಮುಖ ನೋಡಬೇಕು ನೀವು.

ಮಾವನ ಗಾಡಿ ಈಗ ಎಂಬತ್ತರಲ್ಲೂ ನೆಮ್ಮದಿ. ಮೂರು ಸಾವಿರ ಆರ್‌ಪಿಎಂನಲ್ಲಿ ಕನ್ನಡಿ ಮಾತ್ರ ಸಣ್ಣಗೆ ಝೇಂಕರಿಸುತ್ತದೆ. ಅದು ಸೆಕೆಂಡಿಗೆ 100ರದ್ದು, ಬ್ಯಾಲೆನ್ಸ್ ಶಾಫ್ಟ್ ಇಲ್ಲದ ನಾಲ್ಕು ಸಿಲಿಂಡರಿನ ಎಂಜಿನ್ನಿನ ಹುಟ್ಟುಗುಣ. ಮಾವನಿಗೆ ಅದಕ್ಕೂ ಹೊಸ ರಬ್ಬರ್ ಹಾಕಿಸುವ ಆಸೆ, ನಾನು ಬೇಡ ಅಂದಿದ್ದೇನೆ.