ಹಾಲಿಲ್ಲದ ಚಹಾ

ಹೊತ್ತಲ್ಲದ ಹೊತ್ತಿನಲ್ಲಿ ಮೆಹಮಾನ್ ಬಂದು, ಅಂದೇ ಹಾಲು ಒಡೆದಿದ್ದರೆ ಮನೆಯಾಕೆಯ ಪಾಡು ಏನೆಂದು ನಮಗೆಲ್ಲ ಗೊತ್ತು. ಮಗನನ್ನು ಹಿತ್ತಲ ಬಾಗಿಲಿನಿಂದ ಹಾಲಿನ ಪ್ಯಾಕೆಟಿಗೆ ಓಡಿಸುತ್ತಾರೆ. ಅಂಗಡಿಯೂ ಮುಚ್ಚಿದ್ದರೆ, "ಹಾಲಿಲ್ಲ, ಬರೀ ಕರಿ ಚಾ ಐತೆ, ಬೇಜಾರು ಮಾಡ್ಕೋಬೇಡ್ರಿ" ಎನ್ನುತ್ತ ಅರ್ಧ ತಲೆ ತಗ್ಗಿಸಿಯೇ ಲೋಟ ಮುಂದಿಡುತ್ತಾರೆ. ನಮ್ಮ ಚೋರನೂರಿನಂತಹ ಮಳೆ ಕಡಿಮೆಯ ಊರುಗಳಲ್ಲಿ ಹಾಲಿಲ್ಲದ ಚಹಾ ಎಂದರೆ ಬಡತನದ ಗುರುತು. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಬೆಲೆ ಬಾಳುವ ಕಪ್ಪು ಚಹಾಗಳನ್ನು ಅದರ ಬಲ್ಲವರು ಕುಡಿಯುವುದು ಹೀಗೆಯೇ. ಬರಿ ನೀರು, ಬರಿ ಎಲೆ. ಹಾಗಾದರೆ ನಾವು ತಲೆ ತಗ್ಗಿಸುವುದು ಏತಕ್ಕೆ?

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. 'ಬ್ಲ್ಯಾಕ್ ಟೀ' ಎಂದರೆ ಹಾಲು ಹಾಕದ ಚಹಾ ಎಂದು ನಾವು ತಿಳಿದಿದ್ದೇವೆ. ವ್ಯಾಪಾರದವರ ಮಾತಿನಲ್ಲಿ ಅದು ಎಲೆಯ ಜಾತಿ. ಕೊಯ್ದ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟು ತಾಮ್ರದ ಬಣ್ಣಕ್ಕೆ ತಿರುಗಿಸಿ, ಬಿಸಿ ಗಾಳಿಯಲ್ಲಿ ಒಣಗಿಸಿದರೆ ಕಪ್ಪು ಚಹಾ. ಕೊಯ್ದ ಕೂಡಲೇ ಬಿಸಿ ಮುಟ್ಟಿಸಿ ಆ ಬದಲಾವಣೆಯನ್ನು ತಡೆದರೆ ಹಸಿರು ಚಹಾ. ಗಿಡ ಒಂದೇ. ನಾವು ದಿನವೂ ಹಾಲಿನಲ್ಲಿ ಕುದಿಸುವ ಪುಡಿಯೂ ಕಪ್ಪು ಚಹಾವೇ.

ವ್ಯತ್ಯಾಸ ಇರುವುದು ಎಲೆಯನ್ನು ನಡೆಸಿಕೊಂಡ ರೀತಿಯಲ್ಲಿ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಸಿ.ಟಿ.ಸಿ. ಯಂತ್ರ ಬಂತು. ಹಲ್ಲುಗಳುಳ್ಳ ಎರಡು ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಸಾಸಿವೆಯಂತಹ ಕಾಳು ಮಾಡುವ ಯಂತ್ರವದು. ಈ ಕಾಳು ನೀರಿಗೆ ಬಿದ್ದೊಡನೆ ಬಣ್ಣ ಬಿಡುತ್ತದೆ, ಹಾಲು ಸಕ್ಕರೆ ಎಷ್ಟು ಸುರಿದರೂ ತಡೆದುಕೊಳ್ಳುತ್ತದೆ. ಇಂದು ಭಾರತದಲ್ಲಿ ತಯಾರಾಗುವ ಚಹಾದಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಹೆಚ್ಚು ಇದೇ. ಅದನ್ನು ಜರಡಿ ಹಿಡಿದಾಗ ಕಟ್ಟಕಡೆಗೆ ಉಳಿಯುವ ನುಣುಪು ಭಾಗಕ್ಕೆ 'ಡಸ್ಟ್' ಎಂದೇ ಹೆಸರು. ನಮ್ಮ ಅಂಗಡಿಗಳಲ್ಲಿ ಸರದಂತೆ ತೂಗುವ ಸಣ್ಣ ಪ್ಯಾಕೆಟುಗಳಲ್ಲಿ ಇರುವುದು ಬಹುಮಟ್ಟಿಗೆ ಅದು. ಬೈಯಬೇಕಾಗಿಲ್ಲ, ಕಡಕ್ ಚಹಾಕ್ಕೆ ಅದೇ ಸರಿ. ಆದರೆ ಚಹಾ ಎಂದರೆ ಅಷ್ಟೇ ಎಂದು ಹೇಳಿದರೆ, ನುಚ್ಚನ್ನು ತೋರಿಸಿ ಇದೇ ಅಕ್ಕಿ ಎಂದಂತಾಗುತ್ತದೆ.

ಯಂತ್ರಕ್ಕಿಂತ ಹಿಂದಿನ ಪದ್ಧತಿಗೆ 'ಆರ್ಥೊಡಾಕ್ಸ್' ಎನ್ನುತ್ತಾರೆ. ಎರಡೆಲೆ ಒಂದು ಮೊಗ್ಗು ಕೊಯ್ದು, ಎಲೆ ಚೂರಾಗದಂತೆ ಹದವಾಗಿ ಹೊಸೆಯುತ್ತಾರೆ. ದಾರ್ಜಿಲಿಂಗ್, ಅಸ್ಸಾಂ, ಕಾಂಗ್ರಾ, ನೀಲಗಿರಿಗಳ ಹೆಸರು ಉಳಿದಿರುವುದು ಈ ಎಲೆಯಿಂದ. ದಾರ್ಜಿಲಿಂಗ್ ಚಹಾ 2004ರಲ್ಲಿ ನಮ್ಮ ದೇಶದ ಮೊಟ್ಟಮೊದಲ ಭೌಗೋಳಿಕ ಗುರುತಿನ ಸರಕಾಗಿ ನೋಂದಣಿಯಾಯಿತು. ಕರ್ನಾಟಕ ಕಾಫಿಯ ನಾಡಾದರೂ ಸಕಲೇಶಪುರದ ಕಾಡುಮನೆ, ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾದಲ್ಲಿ ಚಹಾ ತೋಟಗಳಿವೆ. ನಮಗೆ ಹೆಚ್ಚು ಕೈಗೆಟುಕುವುದು ನೀಲಗಿರಿಯದು. ಕೂನೂರು, ಕೋಟಗಿರಿಯ ಬಡಗರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಅಲ್ಲಿಯ ಸಣ್ಣ ಬೆಳೆಗಾರರ ಚಹಾವನ್ನು ಪರದೇಶದ್ದು ಎನ್ನಲು ಮನಸ್ಸು ಬಾರದು.

ಪೊಟ್ಟಣದ ಮೇಲಿನ ಅಕ್ಷರಗಳನ್ನು ಕಂಡು ಗಾಬರಿಯಾಗಬೇಡಿ. ಓ.ಪಿ. ಎಂದರೆ 'ಆರೆಂಜ್ ಪೆಕೋ'. ಅದರಲ್ಲಿ ಕಿತ್ತಳೆ ಹಣ್ಣು ಇರುವುದಿಲ್ಲ, ಉದ್ದನೆಯ ಇಡೀ ಎಲೆ ಎಂದಷ್ಟೇ ಅರ್ಥ. ಬಿ.ಓ.ಪಿ. ಎಂದರೆ ಅದೇ ಎಲೆ ತುಂಡಾದದ್ದು. ದಾರ್ಜಿಲಿಂಗಿನ ಮೇಲ್ತರಗತಿಗೆ ಎಫ್.ಟಿ.ಜಿ.ಎಫ್.ಓ.ಪಿ. ಎಂಬ ರೈಲಿನಂತಹ ಹೆಸರಿದೆ. 'ಸಾಮಾನ್ಯ ಜನರಿಗೆ ಇದು ಅತಿಯಾಯಿತು' ಎಂಬ ಅರ್ಥ ಬರುವಂತೆ ಆ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬಿಡಿಸಿ ಚಹಾ ವ್ಯಾಪಾರಿಗಳು ನಗುತ್ತಾರಂತೆ. ಸಾಮಾನ್ಯ ಜನರಾದ ನಮಗೆ ಆ ನಗೆ ಸ್ವಲ್ಪ ಕಹಿಯೇ. 2021ರ ಡಿಸೆಂಬರಿನಲ್ಲಿ ಗುವಾಹಾಟಿ ಹರಾಜಿನಲ್ಲಿ ಮನೋಹರಿ ತೋಟದ ಚಹಾ ಕಿಲೋಗೆ 99,999 ರೂಪಾಯಿಗೆ ಹೋಯಿತು. ಅದು ಪತ್ರಿಕೆಯಲ್ಲಿ ಓದಿ ಬಿಡುವ ಸುದ್ದಿ. ಒಳ್ಳೆಯ ಎಲೆಗೆ ಅಷ್ಟು ದೂರ ಹೋಗಬೇಕಿಲ್ಲ.

ಉರ್ದು ಓದಿದವರಿಗೆ ಮೌಲಾನಾ ಅಬುಲ್ ಕಲಾಂ ಆಜಾದರ 'ಗುಬಾರೆ ಖಾತಿರ್' ನೆನಪಾಗದೆ ಇರದು. 1942ರ ಆಗಸ್ಟಿನಲ್ಲಿ ಬಂಧನವಾದ ಮೇಲೆ ಅಹ್ಮದ್‌ನಗರದ ಕೋಟೆಯಲ್ಲಿ ಕುಳಿತು ಸ್ನೇಹಿತ ಹಬೀಬುರ್ರಹಮಾನ್ ಖಾನ್ ಶೆರ್ವಾನಿಯವರಿಗೆ ಬರೆದ ಪತ್ರಗಳು, 1946ರಲ್ಲಿ ಪುಸ್ತಕವಾದವು. ಬೆಳಗಿನ ಜಾವ ಎದ್ದು ತಾವೇ ಚಹಾ ಮಾಡಿಕೊಂಡು ಕುಡಿಯುವುದನ್ನು ಮೌಲಾನಾ ಅದರಲ್ಲಿ ಪುಟಗಟ್ಟಲೆ ವರ್ಣಿಸಿದ್ದಾರೆ. ಅವರದು ಚೀನಾದ ಮಲ್ಲಿಗೆ ಪರಿಮಳದ ಚಹಾ, ನಾವು ಹೇಳುತ್ತಿರುವ ಕಪ್ಪು ಎಲೆಯಲ್ಲ. ಆದರೆ ಹಾಲು ಬೆರೆಸುವವರ ಮೇಲೆ ಅವರಿಗಿದ್ದ ಸಿಟ್ಟು ನಮಗೂ ಅನ್ವಯಿಸುತ್ತದೆ. ಸೆರೆಮನೆಯಲ್ಲಿರುವ ಮನುಷ್ಯ, ಹೊರಗೆ ದೇಶ ಹೊತ್ತಿ ಉರಿಯುತ್ತಿದೆ, ಅವರು ಒಂದು ಲೋಟ ಚಹಾದ ರುಚಿ ಕೆಡಬಾರದೆಂದು ವಾದ ಹೂಡುತ್ತಾರೆ! ಮದರಸದಲ್ಲಿ ಅದನ್ನು ಓದಿದಾಗ ನಮಗೆಲ್ಲ ನಗು ಬರುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಕಳೆದ ಚಳಿಗಾಲದಲ್ಲಿ ಕೂನೂರಿನಿಂದ ಒಬ್ಬರು ಕಾಲು ಕಿಲೋ ಆರ್ಥೊಡಾಕ್ಸ್ ಎಲೆ ತಂದುಕೊಟ್ಟರು. ಶಾಲೆಯ ಸ್ಟಾಫ್ ರೂಮಿನಲ್ಲಿ ನಾಲ್ವರು ಸೇರಿ ಅದನ್ನೂ ಅಂಗಡಿಯ ಡಸ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಎರಡಕ್ಕೂ ಹಾಲಿಲ್ಲ, ಸಕ್ಕರೆಯಿಲ್ಲ. ಮೊದಲ ಗುಟುಕಿಗೆ ಹಿರಿಯ ಮೇಷ್ಟ್ರು, "ಇದೇನ್ ಸಾರ್, ಬಿಸಿನೀರಿಗೆ ಬಣ್ಣ ಬಿಟ್ಟೀರಿ?" ಎಂದರು. ಡಸ್ಟಿನ ಲೋಟವನ್ನು ಬಾಯಿಗಿಟ್ಟೊಡನೆ ಮುಖ ಸಿಂಡರಿಸಿದರು. ದಿನಾ ಎರಡು ಲೋಟ ಕುಡಿಯುವ ಪುಡಿಯೇ, ಹಾಲಿನ ಮರೆ ಇಲ್ಲದೆ ಬರಿ ಒಗರು. ಮತ್ತೆ ಎಲೆಯ ಲೋಟಕ್ಕೆ ಬಂದರು. ನಾಲ್ಕನೆಯ ಗುಟುಕಿಗೆ, "ಹೂವಿಂದ ಏನೋ ವಾಸನೆ ಬರ್ತೈತಲ್ಲ" ಎಂದರು. ನಾಲಿಗೆ ಪಳಗಲು ಅಷ್ಟು ಹೊತ್ತು ಬೇಕು.

ಚಹಾದ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಹರಾಜಿಗೆ ಮುನ್ನ ಸಾಲಾಗಿ ಬಿಳಿ ಪಿಂಗಾಣಿ ಬಟ್ಟಲುಗಳನ್ನಿಟ್ಟು, ಚಮಚದಲ್ಲಿ ತೆಗೆದು, ಗಾಳಿಯ ಸಮೇತ ಸೊರ್ರನೆ ಎಳೆದು, ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಈ ಪರೀಕ್ಷೆಗೆ 1980ರಿಂದ ಅಂತರರಾಷ್ಟ್ರೀಯ ಮಾನದಂಡವೇ ಇದೆ: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಸದ್ದು ಮಾಡಿ ಎಳೆಯುವುದು ಏಕೆಂದರೆ, ಪರಿಮಳ ನಾಲಿಗೆಯಿಂದಲ್ಲ, ಗಂಟಲ ಹಿಂದಿನಿಂದ ಮೂಗಿಗೆ ಏರಿ ತಿಳಿಯುವಂಥದ್ದು. ನಮ್ಮ ಅಜ್ಜಂದಿರು ಬಸಿಗೆ ಸುರುವಿಕೊಂಡು ಸೊರ್ರೆಂದು ಕುಡಿಯುತ್ತಿದ್ದಾಗ ಮಾಡುತ್ತಿದ್ದುದೂ ಇದನ್ನೇ. ಅದನ್ನು ಹಳ್ಳಿಗಾಡಿನ ಚಾಳಿ ಎಂದು ಮಕ್ಕಳಿಗೆ ಗದರಿಸಿ ನಿಲ್ಲಿಸಿದವರು ನಾವು.

ಮನೆಯಲ್ಲಿ ಮಾಡುವ ಕ್ರಮ ಬಲು ಸುಲಭ. ನೀರು ಮರಳಿದ ಮೇಲೆ ಒಲೆಯಿಂದ ಇಳಿಸಿ, ಒಂದು ಲೋಟಕ್ಕೆ 3 ಗ್ರಾಂ ಎಲೆ ಹಾಕಿ ಮುಚ್ಚಿಡಿ. ಉದ್ದನೆಯ ಎಲೆ ಹಗುರ. ಪುಡಿಯ ಒಂದು ಚಮಚದ ಜಾಗದಲ್ಲಿ ಇದು ಒಂದೂವರೆ, ಎರಡು ಚಮಚ ಬೇಕಾದೀತು. ಮೂರರಿಂದ ನಾಲ್ಕು ನಿಮಿಷಕ್ಕೆ ಪೂರ್ತಿ ಸೋಸಿಬಿಡಿ. ಎಲೆಯನ್ನು ಮಾತ್ರ ಕುದಿಸಬೇಡಿ, ಕುದಿಸಿದರೆ ಪರಿಮಳ ಹಾರಿ ಒಗರು ಉಳಿಯುತ್ತದೆ. ದಾರ್ಜಿಲಿಂಗಿನ ವಸಂತದ ಕೊಯ್ಲಿನ ಎಲೆಯಾದರೆ ಮರಳಿದ ನೀರನ್ನು ಎರಡು ನಿಮಿಷ ಆರಲು ಬಿಟ್ಟು ಹಾಕಿ. ಅದೇ ಎಲೆಗೆ ಮತ್ತೊಮ್ಮೆ ನೀರು ಹಾಕಬಹುದು.

ಇನ್ನು ನೀರಿನ ಮಾತು. ನಮ್ಮ ಭಾಗದ ಓದುಗರು ಇದನ್ನು ಗಮನವಿಟ್ಟು ಓದಬೇಕು. ಲೋಟದಲ್ಲಿ ಚಹಾ ಆರುತ್ತಿದ್ದಂತೆ ಮೇಲೆ ಎಣ್ಣೆಯಂತೆ ಹೊಳೆಯುವ, ಮುಟ್ಟಿದರೆ ಒಡೆಯುವ ಒಂದು ಪೊರೆ ಕಟ್ಟುತ್ತದಲ್ಲ? ಅದನ್ನು ಹಾಲಿನ ಕೆನೆ ಎಂದುಕೊಳ್ಳುತ್ತೇವೆ. ಹಾಲಿಲ್ಲದ ಚಹಾದಲ್ಲೂ ಅದು ಬರುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಪಿರೋ ಮತ್ತು ಜಗನ್ಯಿ ಎಂಬ ರಸಾಯನಶಾಸ್ತ್ರಜ್ಞರು 1993ರಲ್ಲಿ ಅದರ ಕಾರಣವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗಡಸು ನೀರಿನ ಸುಣ್ಣದ ಅಂಶ, ಗಾಳಿ ಮತ್ತು ಚಹಾದ ಒಗರು ಸೇರಿ ಆಗುವ ಪೊರೆಯದು. ನಮ್ಮ ಕೊಳವೆಬಾವಿಗಳ ನೀರು ಹೇಗೆಂಬುದು ಪಾತ್ರೆಯ ತಳಕ್ಕೆ ಅಂಟುವ ಬಿಳಿ ಹಕ್ಕಳೆ ನೋಡಿದರೆ ತಿಳಿಯುತ್ತದೆ. ಅಂತಹ ನೀರಿಗೆ ಎಷ್ಟು ಒಳ್ಳೆಯ ಎಲೆ ಹಾಕಿದರೂ ಬಣ್ಣ ಮಂಕು, ರುಚಿ ಚಪ್ಪೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲಿ ಮಾಡಿ ನೋಡಿ, ಅದೇ ಎಲೆ ಬೇರೆಯಾಗಿ ಮಾತಾಡುತ್ತದೆ.

ಇದು ಬರಿ ರುಚಿಯ ಪ್ರಶ್ನೆಯಲ್ಲ. ಬಳ್ಳಾರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾದ ಮಕ್ಕಳನ್ನು ನಾವು ತರಗತಿಯಲ್ಲೇ ನೋಡುತ್ತೇವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಸಾಲದ್ದಕ್ಕೆ ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಎಳೆಯ ಚಿಗುರಿನಲ್ಲಿ ಕಡಿಮೆ, ಬಲಿತ ಎಲೆಯಲ್ಲಿ ಹಲವು ಪಟ್ಟು. ಬಲಿತ ಎಲೆಯಿಂದ ಮಾಡಿದ ಅಗ್ಗದ ಪುಡಿ, ಅದೂ ಕೊಳವೆಬಾವಿಯ ನೀರಿನಲ್ಲಿ ಅರ್ಧ ಗಂಟೆ ಕುದಿದದ್ದು, ಅದೂ ದಿನಕ್ಕೆ ಆರು ಲೋಟ ಎಂದರೆ ಮೂಳೆಗೆ ಏನು ಹೊರೆ ಬೀಳುತ್ತದೆಂದು ಯೋಚಿಸಿ. ಎಳೆಯ ಎಲೆ, ಶುದ್ಧ ನೀರು, ಎರಡು ಲೋಟ: ಇಲ್ಲಿಯ ಮಟ್ಟಿಗೆ ಇದು ಷೋಕಿಯಲ್ಲ.

ಸುಲೈಮಾನಿಯ ನಿಂಬೆಹುಳಿಗೂ ಈ ನೀರಿಗೂ ಸಂಬಂಧವಿದೆ. ಹುಳಿ ಬಿದ್ದೊಡನೆ ಆ ಪೊರೆ ಕಟ್ಟುವುದು ನಿಲ್ಲುತ್ತದೆ, ಚಹಾದ ಕೆಂಪು ತಿಳಿಯಾಗಿ ಹೊನ್ನಿನ ಬಣ್ಣಕ್ಕೆ ಬರುತ್ತದೆ. ಮಂಗಳೂರು, ಭಟ್ಕಳದ ಕಡೆ ಬಿರಿಯಾನಿಯ ನಂತರ ಸುಲೈಮಾನಿ ಕೊಡುವಾಗ ಯಾರೂ 'ಹಾಲಿಲ್ಲ' ಎಂದು ನಾಚುವುದಿಲ್ಲ. ಮಲೆನಾಡ ಕರಾವಳಿಯಲ್ಲಿ ಗೌರವವಾದದ್ದು ಸಂಡೂರು ತಾಲೂಕಿಗೆ ಬರುವಾಗ ಬಡತನವಾಗುವುದು ವಿಚಿತ್ರ. ಆದರೂ ನನ್ನ ಅಭಿಪ್ರಾಯದಲ್ಲಿ ನಿಜವಾದ ಒಳ್ಳೆಯ ಎಲೆಗೆ ನಿಂಬೆ, ಏಲಕ್ಕಿ, ಲವಂಗ ಬೇಡ. ಅವು ಸಾಧಾರಣ ಎಲೆಯ ಒಡವೆಗಳು.

ದುಬಾರಿಯಲ್ಲವೇ ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ಕಿಲೋಗೆ 1500 ರೂಪಾಯಿಯ ಎಲೆ ಎಂದಿಟ್ಟುಕೊಳ್ಳಿ. ಲೋಟಕ್ಕೆ 3 ಗ್ರಾಂ ಎಂದರೆ ನಾಲ್ಕೂವರೆ ರೂಪಾಯಿ. ಎರಡು ಸಲ ನೀರು ಹಾಕಿದರೆ ಲೋಟಕ್ಕೆ ಎರಡೂಕಾಲು. ಹಾಲಿನ ಚಹಾಕ್ಕೆ ಲೀಟರಿಗೆ 50ರಂತೆ 75 ಮಿಲಿಲೀಟರ್ ಹಾಲು, ಕಿಲೋಗೆ 400ರ ಪುಡಿ 3 ಗ್ರಾಂ, ಎರಡು ಚಮಚ ಸಕ್ಕರೆ ಸೇರಿ ಐದು ರೂಪಾಯಿ ದಾಟುತ್ತದೆ. ಕೈಯಿಂದ ಒಮ್ಮೆಗೇ ಹೋಗುವ ಹಣ ದೊಡ್ಡದೆಂದು ಹೆದರುತ್ತೇವೆ, ಅಷ್ಟೆ. 100 ಗ್ರಾಂ ತಂದು ನೋಡಿ. ಸಕ್ಕರೆಯದು ಬೇರೆಯೇ ಲೆಕ್ಕ: ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 40 ಗ್ರಾಂ, ತಿಂಗಳಿಗೆ ಒಬ್ಬರಿಗೆ ಕಿಲೋ ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು. ಒಮ್ಮೆಗೇ ಬಿಡಲಾಗದವರು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ.

ಸಹೋದರಿಯರು ಇನ್ನೊಂದನ್ನು ಗಮನಿಸಬೇಕು. ಊಟದ ಜೊತೆಗೆ, ಊಟವಾದ ಕೂಡಲೇ ಯಾವ ಚಹಾ ಕುಡಿದರೂ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ. ಬಸುರಿಯರು, ಕಬ್ಬಿಣದ ಮಾತ್ರೆ ನುಂಗುವವರು ಇದನ್ನು ಮರೆಯಬಾರದು.

ಎಲೆ ಕೊಳ್ಳುವಾಗ 'ಆರ್ಥೊಡಾಕ್ಸ್' ಎಂಬ ಮಾತು, ತೋಟದ ಹೆಸರು, ಪ್ಯಾಕ್ ಮಾಡಿದ ತಿಂಗಳು ಇವೆಯೇ ನೋಡಿ. ಊಟಿ ಪ್ರವಾಸದಿಂದ ಮಕ್ಕಳು ತರುವ ಚಾಕೊಲೇಟ್ ವಾಸನೆಯ ಪೊಟ್ಟಣ ಇದಲ್ಲ. ಪುಡಿಯ ಬಗ್ಗೆ ಅನುಮಾನವಿದ್ದರೆ ಫಿಲ್ಟರ್ ಕಾಗದದ ಮೇಲೆ ಚಿಟಿಕೆ ಹರಡಿ, ನೀರು ಚಿಮುಕಿಸಿ, ಪುಡಿ ತೆಗೆದು ಕಾಗದವನ್ನು ನಲ್ಲಿಯಲ್ಲಿ ತೊಳೆಯಿರಿ. ಕಪ್ಪು ಕಂದು ಕಲೆ ಗಟ್ಟಿಯಾಗಿ ಉಳಿದರೆ ಬಣ್ಣ ಬೆರೆಸಿದ್ದಾರೆಂದು ಅರ್ಥ. ಕಬ್ಬಿಣದ ಚೂರು ಬೆರೆತಿದೆಯೇ ತಿಳಿಯಲು ಅಯಸ್ಕಾಂತ ಆಡಿಸಿದರೆ ಸಾಕು. ಅದಿರಿನ ನಾಡಿನವರಿಗೆ ಇದನ್ನು ಹೇಳಿಕೊಡಬೇಕೇ!

ತಂದ ಎಲೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮಸಾಲೆ ಡಬ್ಬಿಯಿಂದ ದೂರ ಇಡಿ. ಚಹಾ ಎಲೆ ಪಕ್ಕದವರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಮೌಲಾನಾರ ಚಹಾಕ್ಕೆ ಮಲ್ಲಿಗೆ ಏರಿದ್ದು ಹಾಗೆಯೇ. ನಿಮ್ಮದಕ್ಕೆ ಜೀರಿಗೆ ಏರೀತು. ಸೋಸಿದ ಮೇಲೆ ಎಲೆಯನ್ನು ತಟ್ಟೆಯಲ್ಲಿ ಹರಡಿ ಮಕ್ಕಳಿಗೆ ತೋರಿಸಿ. ಒಣಗಿದಾಗ ಕಪ್ಪು ದಾರದಂತಿದ್ದುದು ಬಿಸಿನೀರಿನಲ್ಲಿ ಬಿಚ್ಚಿಕೊಂಡು, ಅಂಚಿನ ಸಣ್ಣ ಹಲ್ಲುಗಳ ಸಮೇತ ಇಡೀ ಎಲೆಯಾಗಿ ಕಾಣುತ್ತದೆ. ನೋಡಿಯಾದ ಮೇಲೆ ಕರಿಬೇವಿನ ಬುಡಕ್ಕೆ ಹಾಕಿ.