ಕೊಳ್ಳದವರಿಗೂ ಬೀದಿ ಬೇಕು

ಪೇಟೆಬೀದಿ ಯಾರದ್ದು? ಅಂಗಡಿಯವರದ್ದು, ಗಿರಾಕಿಗಳದ್ದು, ಸರಿ. ಜೇಬಿನಲ್ಲಿ ಬಸ್ ಚಾರ್ಜಿನಷ್ಟೇ ಇಟ್ಟುಕೊಂಡು ಗೆಳೆಯರೊಂದಿಗೆ ಸಂಜೆ ಕಳೆಯಲು ಬಂದ ಹುಡುಗ ಹುಡುಗಿಯರದ್ದೂ ಹೌದೇ? ಯುವಜನರ ಸಂಸ್ಕೃತಿ ಹುಟ್ಟುವುದೇ ಈ ಮೂರನೆಯವರಿಂದ ಎಂಬುದು ನನ್ನ ವಾದ.

ಟೋಕಿಯೊದ ಹರಾಜುಕು ಇದಕ್ಕೆ ಸಾಕ್ಷಿ. 1977ರಿಂದ ಅಲ್ಲಿ ಭಾನುವಾರಗಳಂದು ಮುಖ್ಯ ರಸ್ತೆಗೆ ವಾಹನ ಬಿಡುತ್ತಿರಲಿಲ್ಲ. 1980ರ ಸುಮಾರಿಗೆ ‘ತಾಕೆನೊಕೊ’ ಗುಂಪಿನ ಹದಿಹರೆಯದವರು ಬಣ್ಣಬಣ್ಣದ ಸಡಿಲ ಉಡುಪು ತೊಟ್ಟು, ಟೇಪ್ ರೆಕಾರ್ಡರ್ ಸುತ್ತ ಕುಣಿದರು. ಆಮೇಲೆ ಹವ್ಯಾಸಿ ಬ್ಯಾಂಡುಗಳು ಬಂದವು. 1997ರಲ್ಲಿ ಛಾಯಾಗ್ರಾಹಕ ಶೋಯಿಚಿ ಅವೋಕಿ ‘ಫ್ರೂಟ್ಸ್’ ಪತ್ರಿಕೆ ಆರಂಭಿಸಿ, ಅಲ್ಲಿನ ಎಳೆಯರು ತಾವೇ ಕಲ್ಪಿಸಿಕೊಂಡ ವೇಷಗಳನ್ನು ಜಗತ್ತಿಗೆ ತೋರಿಸಿದರು. ಮರುವರ್ಷವೇ ರಸ್ತೆ ಮತ್ತೆ ವಾಹನಗಳ ಪಾಲಾಯಿತು. ಪಕ್ಕದ ತಕೆಶಿತಾ ಓಣಿಯಲ್ಲಿ ಇಂದಿಗೂ ಜನಜಂಗುಳಿಯಿದೆ, ವ್ಯಾಪಾರವಿದೆ. ಆದರೆ 2017ರಲ್ಲಿ ಮಾಸಿಕವನ್ನು ನಿಲ್ಲಿಸಿದ ಅವೋಕಿ, ಚಿತ್ರ ತೆಗೆಯುವಂಥ ಹುಡುಗರೇ ಕಾಣುತ್ತಿಲ್ಲ ಎಂದರು. ಅಗ್ಗದ ಸಿದ್ಧ ಉಡುಪು, ಮೊಬೈಲು ಕೂಡ ಕಾರಣವಿರಬಹುದು. ಆದರೆ ಪರಸ್ಪರ ನೋಡುವ, ತೋರಿಸಿಕೊಳ್ಳುವ ಜಾಗವೇ ಹೋದಮೇಲೆ ಹೊಸತನಕ್ಕೆ ಕಾವು ಸಿಗುವುದೆಲ್ಲಿ?

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ ಈ ಪಾಠ ಇಂದೇ ಬೇಕು. ಬ್ರಿಗೇಡ್ ರೋಡಿನಿಂದ ಸೇಂಟ್ ಮಾರ್ಕ್ಸ್ ರೋಡಿನವರೆಗಿನ ಈ ಕಲ್ಲುಹಾಸಿನ ಬೀದಿಯಲ್ಲಿ ಹಳೆಯ ಪುಸ್ತಕದ ಅಂಗಡಿಗಳಿವೆ, ಇಂಡಿಯನ್ ಕಾಫಿ ಹೌಸ್ ಇದೆ, ಗಿಟಾರ್ ಹಿಡಿದ ಹುಡುಗರಿದ್ದಾರೆ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ತಡೆಯುವ ಪ್ರಯೋಗ ನಡೆಯಿತು, ಅಷ್ಟಕ್ಕೇ ನಿಂತಿತು.

ಗಾಡಿ ಬರದಿದ್ದರೆ ಗಿರಾಕಿಯೂ ಬರುವುದಿಲ್ಲವೆಂಬ ಅಂಗಡಿಯವರ ಅಳುಕನ್ನು ತಳ್ಳಿಹಾಕಬಾರದು. ಸರಕು ಇಳಿಸಲು ಬೆಳಗಿನ ಹೊತ್ತು ಅವರಿಗಿರಲಿ. ಆದರೆ ಮೆಟ್ರೋ ನಿಲ್ದಾಣದ ಬಾಗಿಲೇ ಈ ಬೀದಿಗೆ ತೆರೆದಿರುವಾಗ ಕಾರಿಲ್ಲದೆ ಬರುವವರಿಗೇನು ಬರ?

ವಾಹನ ತಡೆದರಷ್ಟೇ ಸಾಲದು. ತೆರವಾದ ಜಾಗವನ್ನೆಲ್ಲ ಹೋಟೆಲಿನ ಮೇಜು ಕುರ್ಚಿಗಳು ತುಂಬಿದರೆ ಅದು ಬಯಲಿಗೆ ಬಂದ ಮಾಲ್ ಆದೀತು. ಕಾಸು ಕೊಡದೆ ಕೂರಲು ಕಟ್ಟೆ ಬೇಕು, ಹೆಣ್ಣುಮಕ್ಕಳು ಅಳುಕದೆ ಬಳಸಬಹುದಾದ ಶೌಚಾಲಯ ಬೇಕು, ಕತ್ತಲಾದರೂ ಬೆಳಕಿರಬೇಕು. ಹಾಡುವವರಿಗೆ ಹೊತ್ತು, ದನಿಯ ಮಿತಿ ಗೊತ್ತುಮಾಡಿ, ಎಬ್ಬಿಸಿ ಓಡಿಸಬೇಡಿ.

ನಗರವಾಳುವವರು ಇಂಥ ಬೀದಿಯ ಏಳಿಗೆಯನ್ನು ವಹಿವಾಟಿನಿಂದ ಅಳೆಯುವುದುಂಟು. ಏನೂ ಕೊಳ್ಳದ ಹುಡುಗಿಯೊಬ್ಬಳು ಅಲ್ಲಿ ಎಷ್ಟು ಹೊತ್ತು ನಿಶ್ಚಿಂತೆಯಿಂದ ಕೂರಬಲ್ಲಳು ಎಂಬುದನ್ನೂ ಅವರು ಅಳೆಯಲಿ. ನಾಳೆಯ ಹಾಡು, ಉಡುಗೆ, ಮಾತು ಮೊಳೆಯುವುದು ಆ ಬಿಡುವಿನಲ್ಲೇ.